ಅರ್ಧ ಬಾಟಲಿ ಬ್ರೇಕ್ ಆಯಿಲ್

ನನ್ನ ಗಂಡ ಶ್ರೀಕಂಠ ಬೈಕಿನ ಕೆಲಸಕ್ಕೆ ಮೆಕ್ಯಾನಿಕ್ಕುಗಳನ್ನು ನಂಬುವವರಲ್ಲ. ತಿರುವನಂತಪುರದ ಬಾಹ್ಯಾಕಾಶ ಕೇಂದ್ರದಲ್ಲಿ ಇಪ್ಪತ್ತಾರು ವರ್ಷದಿಂದ ಇಂಧನ ಪರೀಕ್ಷೆ ಮಾಡುತ್ತಿದ್ದಾರೆ. ಅಲ್ಲಿ ಸೀಲು ಒಡೆದು ಒಂದು ವಾರವಾದ ಡಬ್ಬಿಯನ್ನು ಯಾರಿಗೂ ಮುಟ್ಟಗೊಡುವುದಿಲ್ಲವಂತೆ. ಮನೆಯಲ್ಲಿ ಮಾತ್ರ ಏನನ್ನೂ ಚೆಲ್ಲಲು ಇವರಿಗೆ ಮನಸ್ಸು ಬಾರದು. ಹಾಗಾಗಿ ಅರ್ಧ ಬಾಟಲಿ ಬ್ರೇಕ್ ಆಯಿಲ್ ಎರಡು ಮಳೆಗಾಲ ನಮ್ಮ ಅಟ್ಟದಲ್ಲಿ, ನನ್ನ ಉಪ್ಪಿನಕಾಯಿ ಜಾಡಿಯ ಪಕ್ಕ ಕೂತಿತ್ತು.

ಕಳೆದ ಡಿಸೆಂಬರಿನಲ್ಲಿ ಮಗಳು ಅಪರ್ಣಾಳ, ನಮ್ಮ ಅಪ್ಪುವಿನ, ಬೈಕಿಗೆ ಅದನ್ನೇ ಹಾಕಿದರು. ಅಟ್ಟದಿಂದ ಇಳಿಸಿಕೊಟ್ಟವಳು ನಾನು. ಮುಚ್ಚಳ ಸಡಿಲವಾಗಿದೆ ಅಂದೆ. ಪರವಾಗಿಲ್ಲ ಅಂದರು. ಅಪ್ಪು ಆಗ ಕೊಚ್ಚಿಯ ಪಾಲಾರಿವಟ್ಟದಲ್ಲಿ ಹಲ್ಲಿನ ಡಾಕ್ಟರು, ರಜೆಗೆ ಬಂದಿದ್ದಳು. ಮೂರನೇ ದಿನ ಪೊನ್ಮುಡಿ ಬೆಟ್ಟ ಇಳಿಯುವಾಗ ಮುಂದಿನ ಬ್ರೇಕ್ ಹಿಡಿಯಲಿಲ್ಲ. ಹಿಂದಿನದೊಂದರಿಂದ ಬೈಕ್ ನಿಲ್ಲಲಿಲ್ಲ. ತಿರುವಿನ ಕಟ್ಟೆಗೆ ಬಡಿದು ಬಿದ್ದು ಬಲಗೈಯ ನರ ಹೋಯಿತು.

ಬ್ರೇಕಿನ ಲಿವರ್ ಒತ್ತಿದರೆ ಮೆತ್ತಗೆ ಹಿಡಿಕೆಯವರೆಗೂ ಬಂದುಬಿಟ್ಟಿತು ಅಂತ ಆಸ್ಪತ್ರೆಯಲ್ಲಿ ಹೇಳಿದಳು. ಗೇರ್ ಇಳಿಸದೆ ಬರೀ ಬ್ರೇಕ್ ಮೇಲೆ ಬೆಟ್ಟ ಇಳಿದರೆ ಇನ್ನೇನಾಗುತ್ತೆ ಅಂತ ಇವರು ಗದರಿದರು. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಬಾಯಲ್ಲಿ ಬರುವುದು ಮಲಯಾಳವೇ. "ಎಂಡೆ ತೆಟ್ಟಾಣ್, ಅಪ್ಪಾ," ಅಂದಳು. ನನ್ನದೇ ತಪ್ಪು ಅಂತ.

ಮನೆಗೆ ಬಂದ ಮೇಲೆ ಇವರು ಖಾಲಿ ಬಾಟಲಿ ಹಿಡಿದು ಅಡುಗೆಮನೆಯಲ್ಲಿ ಕುಕ್ಕರಿಸಿದರು. ತೆರೆದಿಟ್ಟ ಆಯಿಲ್ ಗಾಳಿಯ ತೇವ ಕುಡಿಯುತ್ತದಂತೆ. ಬೆಟ್ಟ ಇಳಿಯುವಾಗ ಕಾದು ಆ ನೀರು ಆವಿಯಾಗುತ್ತದಂತೆ, ಆಮೇಲೆ ಎಷ್ಟು ಒತ್ತಿದರೂ ಬ್ರೇಕ್ ಹಿಡಿಯುವುದಿಲ್ಲವಂತೆ. ಇಷ್ಟನ್ನೂ ನನಗೆ ಬಿಡಿಸಿ ಹೇಳಿದರು, ಅವಳಿಗೆ ಹೇಳಲಿಲ್ಲ. ನಾನೂ ಹೇಳಲಿಲ್ಲ. ಕೈ ಸರಿಹೋಗಲಿ, ಆಮೇಲೆ ನೋಡೋಣ ಅಂದುಕೊಂಡೆ. ನಿಜ ಹೇಳಬೇಕೆಂದರೆ ನನಗೆ ಭಯವಾಗಿತ್ತು, ಅಷ್ಟೇ.

ಕೈ ಸರಿಹೋಗಲಿಲ್ಲ. ಕ್ಲಿನಿಕ್ಕಿನವರು ಅವಳ ಜಾಗಕ್ಕೆ ಬೇರೆಯವರನ್ನು ಸೇರಿಸಿಕೊಂಡರು. ಎಂಟು ತಿಂಗಳು ಅಪ್ಪು ಮನೆಗೆ ಬಂದವರಿಗೆಲ್ಲ ತನ್ನ ದಡ್ಡತನದ ಕಥೆಯನ್ನು ತಾನೇ ನಗುತ್ತಾ ಹೇಳಿದಳು. ಇವರು ಅದನ್ನು ಕೇಳಿಸಿಕೊಳ್ಳುತ್ತಾ ಪೇಪರ್ ಓದುತ್ತಿದ್ದರು. ನನಗೆ ಆ ಪೇಪರ್ ಕಿತ್ತು ಹರಿಯುವಷ್ಟು ಸಿಟ್ಟು ಬರುತ್ತಿತ್ತು. ಆದರೂ ಕಾಫಿ ತಂದುಕೊಡುತ್ತಿದ್ದೆ.

ಹೋದ ಭಾನುವಾರ ರಿಪೇರಿಯಾದ ಬೈಕನ್ನು ಕೊಳ್ಳಲು ಆಲುವದಿಂದ ಒಬ್ಬರು ಬರುವವರಿದ್ದರು. ಇವರು ಸೀಲು ಒಡೆಯದ ಹೊಸ ಬಾಟಲಿ ತಂದು ಜಗಲಿಯಲ್ಲಿ ಕೂತರು. ಹಳೇ ಆಯಿಲ್ ತೆಗೆಯಲು ಇಬ್ಬರು ಬೇಕು. ಒಬ್ಬರು ಲಿವರ್ ಒತ್ತಿ ಹಿಡಿಯಬೇಕು, ಇನ್ನೊಬ್ಬರು ಕೆಳಗೆ ಚಕ್ರದ ಹತ್ತಿರದ ನಿಪ್ಪಲ್ ಎಂಬ ತಿರುಪನ್ನು ಸಡಿಲಿಸಿ ಕೊಳವೆಯಲ್ಲಿ ಆಯಿಲ್ ಹೊರಬಿಡಬೇಕು. ನಿಪ್ಪಲ್ ಮತ್ತೆ ಬಿಗಿ ಮಾಡುವವರೆಗೆ ಲಿವರ್ ಬಿಡುವಂತಿಲ್ಲ, ಬಿಟ್ಟರೆ ಗಾಳಿ ಒಳಗೆ ಹೋಗುತ್ತದೆ. ಯಾವಾಗಲೂ ಒತ್ತುವವಳು ನಾನು. ಅವತ್ತು ನಾನು ಜಗಲಿ ಕಾಣುವ ಕಿಟಕಿಯ ಪಕ್ಕ ಒಲೆಯ ಮುಂದಿದ್ದೆ, ಅಪ್ಪು ತಾನಾಗಿ ಬಂದು ಬಲಗೈಯಲ್ಲಿ ಲಿವರ್ ಹಿಡಿದಳು.

"ಒತ್ತು," ಅಂತ ಇವರು ತಲೆ ಬಗ್ಗಿಸಿಕೊಂಡೇ ಸ್ಪ್ಯಾನರ್ ತಿರುಗಿಸಿದರು. ಕೊಳವೆಯಲ್ಲಿ ಆಯಿಲ್ ಬರಲಿಲ್ಲ. ಒತ್ತು ಪುಟ್ಟಾ ಅಂತ ಇನ್ನೊಮ್ಮೆ ಅಂದರು. ಒತ್ತುತ್ತಲೇ ಇದ್ದೇನೆ ಅಂದಳು. ಆಗ ತಲೆಯೆತ್ತಿ ನೋಡಿದರು. ಲಿವರ್ ಮೇಲೆ ಅವಳ ಎರಡು ಬೆರಳು ನಡುಗುತ್ತಿದ್ದವು, ಉಳಿದವು ಸುಮ್ಮನೆ ಬಿದ್ದಿದ್ದವು.

"ಸಾರಿ ಅಪ್ಪಾ," ಅಂದಳು.

ನನ್ನಿಂದ ತಡೆಯಲಾಗಲಿಲ್ಲ. ಒಲೆ ಆರಿಸಿ ಬಂದು ಅವಳ ಕೈ ಮೇಲೆ ನನ್ನ ಕೈಯಿಟ್ಟು ಒತ್ತಿದೆ. ಗುಳ್ಳೆಗಳ ಜೊತೆ ಕಂದು ಆಯಿಲ್ ಬಂತು.

"ಬ್ರೇಕ್ ಹೋಗಿದ್ದು ನಿನ್ನಿಂದಲ್ಲ ಅಪ್ಪು," ಅಂದೆ. "ಕೆಟ್ಟ ಆಯಿಲ್ ಹಾಕಿದ್ದು ನಿಮ್ಮಪ್ಪ. ತೆಗೆದುಕೊಟ್ಟಿದ್ದು ನಾನು."

ಅಪ್ಪು ಇವರ ಕಡೆ ತಿರುಗಿ ಕನ್ನಡದಲ್ಲೇ ಕೇಳಿದಳು.

"ಯಾವಾಗಿಂದ ಗೊತ್ತು?"

"ಆಸ್ಪತ್ರೆಯಿಂದ ಬಂದ ದಿನದಿಂದ," ಅಂದರು.

ಅವಳು ನನ್ನ ಮುಖ ನೋಡಿದಳು. ನನಗೂ ಗೊತ್ತಿತ್ತೆಂದು ತಲೆಯಾಡಿಸಿದೆ. ನನ್ನ ಕೈಯಡಿಯಿಂದ ತನ್ನ ಕೈಯನ್ನು ನಿಧಾನವಾಗಿ ಬಿಡಿಸಿಕೊಂಡು ಒಳಗೆ ಹೋದಳು.

ಬೀರು ತೆಗೆದ ಸದ್ದು ಕೇಳಿಸಿತು. ಎಡಗೈಯಲ್ಲಿ ಬ್ಯಾಗಿಗೆ ಬಟ್ಟೆ ತುಂಬಿಕೊಳ್ಳಲು ಅವಳಿಗೆ ಹೊತ್ತು ಹಿಡಿಯುತ್ತದೆ. ಅಷ್ಟರಲ್ಲಿ ಒಳಗೆ ಹೋಗಿ ಏನಾದರೂ ಹೇಳಬಹುದಿತ್ತು. ಬಿಡಬೇಡ, ಗಾಳಿ ಹೋಗುತ್ತೆ ಅಂದರು ಇವರು. ನಾನು ಲಿವರ್ ಒತ್ತಿ ಹಿಡಿದೇ ನಿಂತೆ. ಇವರು ನಿಪ್ಪಲ್ ಬಿಗಿ ಮಾಡಲೇ ಇಲ್ಲ.