ಮಂಗಟ್ಟೆಯ ಗೂಡಿಗೆ ಬಿದ್ದ ಹಾರೆ

ಬೀದಿಯವರು ಅವಳನ್ನು ಹಕ್ಕಿಯಮ್ಮ ಅನ್ನುತ್ತಿದ್ದರು. ಗಾಯಗೊಂಡ ಕಾಡುಹಕ್ಕಿಗಳನ್ನು ಹಿತ್ತಲಿನ ಬಲೆಮನೆಯಲ್ಲಿ ಸಾಕುವುದನ್ನು ಗಂಡ ತೀರಿಕೊಂಡ ಮೇಲೂ ಅವಳು ಬಿಟ್ಟಿರಲಿಲ್ಲ. ಆ ಬೇಸಿಗೆಯಲ್ಲಿ ಅಲ್ಲಿದ್ದ ಮಂಗಟ್ಟೆ ಜೋಡಿಯ ಹೆಣ್ಣು ಪೊಳ್ಳು ದಿಮ್ಮಿಯೊಳಗೆ ಹೊಕ್ಕು, ಮಣ್ಣು ಹಿಕ್ಕೆ ಕಲಸಿ ಪೊಳ್ಳಿನ ಬಾಯಿ ಮೆತ್ತಿಕೊಂಡು, ಕೊಕ್ಕು ತೂರುವಷ್ಟು ಸೀಳು ಮಾತ್ರ ಉಳಿಸಿಕೊಂಡಿತ್ತು. ಒಳಗೆ ಅದರ ರೆಕ್ಕೆಗರಿಗಳು ಉದುರಿಹೋಗಿರುತ್ತವೆ, ಹಾರಲಾಗದು. ಹಳದಿ ಕೊಕ್ಕಿನ ಮೇಲೆ ಕೊಂಬು ಹೊತ್ತ ಗಂಡು ಅವಳಿಟ್ಟ ಅತ್ತಿಹಣ್ಣನ್ನು ಗಂಟಲು ತುಂಬ ತಂದು, ಒಂದೊಂದೇ ಹೊರತೆಗೆದು ಸೀಳಿಗೆ ಕೊಡುತ್ತಿತ್ತು. ಮರಿಯ ಚೀರಾಟವೂ ಕೇಳುತ್ತಿತ್ತು.

ಒಂದು ಮಧ್ಯಾಹ್ನ ಮೈದುನ ಹಾರೆ ಹಿಡಿದು ಬಂದ.

"ಅತ್ತಿಗೆ, ಮರಿ ಬೇಕು. ಗಿರಾಕಿ ಆಚೆ ಕಾರಲ್ಲಿ ಕೂತಿದ್ದಾನೆ."

"ಇನ್ನೂ ಕಣ್ಣೇ ಬಿಟ್ಟಿಲ್ಲ ಕಣಪ್ಪ. ಈಗ ಗೂಡು ಒಡೆದ್ರೆ ತಾಯಿ ಮರಿ ಎರಡೂ ಸಾಯ್ತವೆ."

"ಅಣ್ಣ ಹೋದ ಮೇಲೆ ಎಲ್ಲಾ ನಿಮ್ಮದೇ ದರ್ಬಾರು," ಎಂದವನೇ ಅವಳನ್ನು ತಳ್ಳಿ ಒಳನುಗ್ಗಿದ.

ಮೊದಲ ಏಟಿಗೆ ದಿಮ್ಮಿ ಅದುರಿತು. ಗಂಡುಹಕ್ಕಿ ಭರ್ರನೆ ಎರಗಿ ಅವನ ಕೆನ್ನೆ ಸೀಳಿತು. ಅವನು ಹಾರೆ ಬೀಸಿದ. ರೆಕ್ಕೆ ಮುರಿದು ನೆಲಕ್ಕೆ ಬಿದ್ದ ಹಕ್ಕಿಯ ಕತ್ತಿನ ಮೇಲೆ ಇನ್ನೊಂದು ಏಟು ಹಾಕಿದ. ಅದು ಕಾಲು ಝಾಡಿಸಿ ಸುಮ್ಮನಾಯಿತು. ತಡೆಯಲು ಹೋದ ಹಕ್ಕಿಯಮ್ಮನ ಬಾಯಿಗೆ ಅವನ ಮೊಣಕೈ ಬಡಿಯಿತು. ಹಲ್ಲು ಕಳಚಿ ರಕ್ತ ತುಂಬಿಕೊಂಡಿತು.

ಗೂಡಿನ ಗೋಡೆ ಅರ್ಧ ಉದುರಿತ್ತು. ಅವನು ಕೈ ತೂರಿಸಿದ್ದೇ ತಡ, ತಾಯಿಹಕ್ಕಿ ಹೆಬ್ಬೆರಳ ಬುಡವನ್ನು ಎಲುಬು ಕಾಣುವಂತೆ ಕಿತ್ತಿತು. ಕೈ ಎಳೆದುಕೊಂಡು ಬೈಯುತ್ತಾ ಅವನು ಹಾರೆಯನ್ನು ನೇರ ಗೂಡಿನೊಳಗೆ ತಿವಿಯಲು ಎತ್ತಿದ.

ಹಿಕ್ಕೆ ಬಾಚುವ ಸಲಿಕೆ ಅವಳ ಕೈಗೆ ಸಿಕ್ಕಿತ್ತು. ಇದ್ದಬದ್ದ ಬಲವೆಲ್ಲ ಹಾಕಿ ಬೀಸಿದಳು. ಅವನ ಮೊಣಕಾಲಿನಲ್ಲಿ ಏನೋ ಲಟಕ್ಕೆಂದಿತು. ಅವನು ಕುಸಿದ.

"ನಾನು ನಿನ್ನ ಮೈದುನ ಕಣೇ," ಎಂದು ನರಳಿದ.

"ಗೊತ್ತು. ಅದಕ್ಕೇ ಮೊಣಕಾಲಿಗೆ ಹೊಡೆದೆ. ಬೇರೆಯವರಾಗಿದ್ರೆ ತಲೆಗೆ ಹೊಡೀತಿದ್ದೆ."

ಕೂಗು ಕೇಳಿದ ಗಿರಾಕಿ ಕಾರು ತಿರುಗಿಸಿಕೊಂಡು ಕಂಬಿ ಕಿತ್ತ. ಮೈದುನನನ್ನು ಆಸ್ಪತ್ರೆಗೆ ಹೊತ್ತೊಯ್ದವರು ಅಕ್ಕಪಕ್ಕದವರೇ.

ಹಕ್ಕಿಯಮ್ಮ ಬಾಯಿಗೆ ಸೆರಗು ಒತ್ತಿಕೊಂಡೇ ಹಸಿಮಣ್ಣು ಕಲಸಿ ಗೂಡಿನ ಬಾಯಿಗೆ ಇಟ್ಟಳು. ಸಂಜೆಯೊಳಗೆ ತಾಯಿ ಒಳಗಿನಿಂದ ಗೋಡೆ ಮೆತ್ತತೊಡಗಿತು. ಆದರೆ ಅವಳ ಕೈಯ ಹಣ್ಣನ್ನು ಮುಟ್ಟಲಿಲ್ಲ. ಮರುದಿನವೂ ಮುಟ್ಟಲಿಲ್ಲ. ಮರಿಯ ದನಿ ಕ್ಷೀಣಿಸತೊಡಗಿತು. ಅವಳು ಗೂಡಿನ ಮುಂದೆ ಕೂತು, ಹಣ್ಣನ್ನು ಕಡ್ಡಿಗೆ ಚುಚ್ಚಿ ಹಿಡಿದೇ ಇದ್ದಳು. ಕೊನೆಗೆ ಕೊಕ್ಕು ಮೆಲ್ಲಗೆ ಹೊರಬಂದು ಹಣ್ಣು ಕಸಿಯಿತು.

ಮರಿ ಉಳಿಯಿತು. ವಾರಗಳ ಮೇಲೆ, ಹೊಸ ಗರಿ ಮೂಡಿ ಗೂಡು ಒಡೆದು ಹೊರಬಂದ ತಾಯಿ ಬಲೆಮನೆಯ ಮೂಲೆಮೂಲೆಗೂ ಹಾರಿ ಕೂಗುತ್ತಾ ತನ್ನ ಜೋಡಿಯನ್ನು ಹುಡುಕಿತು. ಹಕ್ಕಿಯಮ್ಮ ಆಗ ಮಾತ್ರ ಅತ್ತಳು.