ಮೊದಲು ಬರೆಯಬೇಕಾದ ಕಾಲೇಜು

ಹಿರಿಯೂರಿನ ಒಂದು ಪಿಯು ಕಾಲೇಜಿನಲ್ಲಿ ನಾನು ಕನ್ನಡ ಹೇಳಿಕೊಡುತ್ತೇನೆ. ಸಿಇಟಿ ರ‍್ಯಾಂಕ್ ಬಂದ ಮೇಲೆ ಮಕ್ಕಳಿಂದ ಆಪ್ಷನ್, ಅಂದರೆ ಬೇಕಾದ ಕಾಲೇಜುಗಳ ಪಟ್ಟಿ, ತುಂಬಿಸುವ ಕೆಲಸವೂ ಮೂರು ವರ್ಷದಿಂದ ನನ್ನದೇ. "ನೀವು ಒಂದಕ್ಕೆ ನಾಲ್ಕು ಸಲ ನೋಡ್ತೀರ, ತಪ್ಪಾಗಲ್ಲ" ಎಂದು ಪ್ರಿನ್ಸಿಪಾಲರು ಒಪ್ಪಿಸಿದ್ದರು. ಯಾವ ಕಾಲೇಜಿನ ಸೀಟು ಯಾವ ವರ್ಷ ಎಷ್ಟನೇ ರ‍್ಯಾಂಕಿಗೆ ಮುಗಿಯಿತು ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡಿದ್ದೇನೆ. ಮಕ್ಕಳು ಬಂದು ಕೇಳುವುದು ಒಂದೇ ಮಾತು: "ಸಿಗುತ್ತಾ ಮೇಡಂ?"

ಈ ಸಲ ಶಿವಗಂಗಾ ಬಂದಿದ್ದಳು. ಜೊತೆಗೆ ಅವಳ ಅಪ್ಪ ದುರುಗಣ್ಣ. ಬಬ್ಬೂರು ಕೃಷಿ ಫಾರಮ್ಮಿನಲ್ಲಿ ಸಸಿ ನೋಡಿಕೊಳ್ಳುವ ಕೆಲಸ ಅವರದು. ಚಿಕ್ಕಂದಿನಿಂದ ಅಪ್ಪನ ಹಿಂದೆ ಅಲ್ಲಿ ಓಡಾಡಿದ ಹುಡುಗಿಗೆ ಬೆಂಗಳೂರಿನ ಕೃಷಿ ಕಾಲೇಜೇ ಬೇಕು. ಅವಳ ರ‍್ಯಾಂಕ್ 1,912. ಹೋದ ವರ್ಷ ಅಲ್ಲಿ ಸೀಟು 1,780ಕ್ಕೇ ಮುಗಿದಿತ್ತು. ನಿಜವಾದ ಹಂಚಿಕೆಗೆ ಮೊದಲು ಪ್ರಯೋಗಕ್ಕೆಂದು ಮಾಡುವ ಮಾಕ್ ಹಂಚಿಕೆ ಹಿಂದಿನ ದಿನ ಬಂದಿತ್ತು. ಅದರಲ್ಲಿ ಅವಳಿಗೆ ಬೆಂಗಳೂರು ಸಿಕ್ಕಿರಲಿಲ್ಲ, ಎರಡನೆಯದಾಗಿ ಬರೆದಿದ್ದ ಶಿವಮೊಗ್ಗದ ಕಾಲೇಜು ಸಿಕ್ಕಿತ್ತು. ಅವರು ಬಂದದ್ದು ಆಪ್ಷನ್ ಬದಲಾಯಿಸಲು ಇದ್ದ ಕೊನೆಯ ದಿನ.

"ಮೇಡಮ್ಮೋರೆ, ಬೆಂಗಳೂರು ತಗದುಬಿಡ್ರಿ" ಎಂದರು ದುರುಗಣ್ಣ. "ಕಂಪ್ಯೂಟ್ರೇ ಇಲ್ಲ ಅಂದೈತೆ. ಶಿವಮೊಗ್ಗ ಮ್ಯಾಲಕ್ಕೆ ಹಾಕ್ರಿ. ಆಸೆಗೆ ಬಿದ್ದು ಅದೂ ಹೋದ್ರೆ?"

"ಅಪ್ಪಾ, ಸುಮ್ನಿರು."

"ನೀ ಸುಮ್ನಿರಲೇ. ಸಸಿ ನೋಡಿದ್ರೆ ಸಾಕು, ಯಾವುದು ಹಿಡಿತೈತೆ, ಯಾವುದು ಇಲ್ಲ ಅಂತ ಹೇಳ್ತೀನಿ ನಾನು."

"ಹೂಂ. ನೀನು ಹಿಡಿಯಲ್ಲ ಅಂದಿದ್ದ ದಾಳಿಂಬೆ ಈಗ ಕಾಯಿ ಬಿಟ್ಟು ಕುಂತೈತೆ."

"ಅದಕ್ಕೆ ನೀರು ಹಾಕಿದ್ದು ಯಾರು ಮತ್ತೆ?"

ಅವರ ಮಾತಿಗೆ ನಗು ಬರಬೇಕಿತ್ತು. ಆದರೆ ನನ್ನ ಕಣ್ಣು ನೋಟ್‌ಬುಕ್ಕಿನ 1,780ರ ಮೇಲೇ ಇತ್ತು.

ಹೋದ ವರ್ಷ ಮಾರಿಕಣಿವೆಯ ಪ್ರಭು ಇದೇ ಕುರ್ಚಿಯಲ್ಲಿ ಕುಳಿತಿದ್ದ. ಅವನಿಗೂ ಬೆಂಗಳೂರೇ ಬೇಕಿತ್ತು. ರ‍್ಯಾಂಕ್ 1,655. ಅದರ ಹಿಂದಿನ ವರ್ಷ ಬೆಂಗಳೂರಿನ ಸೀಟು 1,590ಕ್ಕೆ ಮುಗಿದಿತ್ತು. "ಸಿಗೋದು ಕಷ್ಟ, ಶಿವಮೊಗ್ಗವನ್ನೇ ಮೊದಲು ಹಾಕು" ಎಂದು ನಾನೇ ಹೇಳಿ ಬರೆಸಿದೆ. ಮೊದಲ ಸುತ್ತಿನಲ್ಲೇ ಶಿವಮೊಗ್ಗ ಸಿಕ್ಕಿತು. ಅವನು ಎರಡು ತೆಂಗಿನಕಾಯಿ ತಂದುಕೊಟ್ಟು, ಕಾಲಿಗೆ ಬಿದ್ದು ಹೋದ. ಎರಡನೇ ಸುತ್ತಿನಲ್ಲಿ ಬೆಂಗಳೂರಿನ ಸೀಟು 1,780ರವರೆಗೂ ಇಳಿಯಿತು. ಆಗ ನಾನು ಸಿಇಟಿ ಕೈಪಿಡಿಯನ್ನು ಮೊದಲ ಸಲ ಪೂರ್ತಿ ಓದಿದೆ. ಪಟ್ಟಿಯನ್ನು ಮೇಲಿನಿಂದ ನೋಡುತ್ತಾರೆ. ಮೇಲಿನದು ಸಿಗದಿದ್ದರೆ ಕೆಳಗಿನದಕ್ಕೆ ಬರುತ್ತಾರೆ. ಮೇಲಿನದನ್ನು ಕೇಳಿದ್ದಕ್ಕೆ ಕೆಳಗಿನದು ತಪ್ಪಿಹೋಗುವುದಿಲ್ಲ. ಸಿಗುವುದನ್ನೇ ಮೊದಲು ಬರೆದರೆ ಮಾತ್ರ, ಅದು ಸಿಕ್ಕಲ್ಲಿಗೇ ಎಲ್ಲ ನಿಲ್ಲುತ್ತದೆ. ಪ್ರಭು ಬೆಂಗಳೂರನ್ನು ಮೇಲೆ ಬರೆದಿದ್ದರೆ ಅವನು ಅಲ್ಲಿರುತ್ತಿದ್ದ. ಇದನ್ನು ನಾನು ಯಾರಿಗೂ ಹೇಳಿರಲಿಲ್ಲ.

"ದುರುಗಣ್ಣ, ಕುಂತ್ಕಳ್ರಿ" ಎಂದೆ. "ಬಸ್ ಸ್ಟ್ಯಾಂಡಲ್ಲಿ ಶಿವಮೊಗ್ಗ ಬಸ್ಸಿನ ಕಿಟಕಿಯಿಂದ ಟವೆಲ್ ಹಾಕಿದೀರಿ ಅಂದ್ಕಳ್ರಿ. ಆಮೇಲೆ ಹೋಗಿ ಬೆಂಗಳೂರು ಬಸ್ಸಲ್ಲಿ ಜಾಗ ಐತಾ ಅಂತ ಕೇಳಿದ್ರೆ ಏನು ಹೋಯ್ತು?"

"ಟವೆಲ್ ಎತ್ತಿ ಬಿಸಾಕೋರೂ ಅವ್ರೆ ಮೇಡಮ್ಮೋರೆ."

"ಇಲ್ಲಿ ಬಿಸಾಕಲ್ಲ. ನೋಡಿ, ಬರೆದಿದ್ದಾರೆ."

ಕೈಪಿಡಿಯ ಆ ಪುಟವನ್ನು ಶಿವಗಂಗಾ ಅಪ್ಪನಿಗೆ ಓದಿ ಹೇಳಿದಳು. ಅವರು ಎರಡು ಸಲ ಓದಿಸಿಕೊಂಡರು. ಆಮೇಲೆ ಅವಳು ನನ್ನ ಕಡೆ ತಿರುಗಿದಳು.

"ಸಿಗುತ್ತಾ ಮೇಡಂ?"

"ಬಹುಶಃ ಇಲ್ಲ" ಎಂದೆ. ಇಷ್ಟು ನೇರವಾಗಿ ಯಾರಿಗೂ ಹೇಳಿದವಳಲ್ಲ ನಾನು. "ಆದರೂ ಅದೇ ಮೊದಲು ಇರಲಿ. ಹೋದ ವರ್ಷ ಒಬ್ಬ ಹುಡುಗನಿಗೆ ನಾನು ಉಲ್ಟಾ ಬರೆಸಿದ್ದೆ. ಅವನಿಗೆ ಸಿಗುತ್ತಿತ್ತು."

ದುರುಗಣ್ಣ ನೆಲ ನೋಡಿದರು. ಹುಡುಗಿ ನನ್ನನ್ನೇ ನೋಡಿದಳು.

"ಅವ್ರಿಗೆ ಹೇಳಿದ್ರಾ ಮೇಡಂ?"

"ಮೊದಲು ನಿನ್ನದು ಮುಗಿಯಲಿ" ಎಂದು ಮೌಸ್ ಹಿಡಿದೆ.

ಮೊದಲ ಸುತ್ತಿನಲ್ಲಿ ಅವಳಿಗೆ ಶಿವಮೊಗ್ಗವೇ ಬಂತು. ಅದನ್ನು ಇಟ್ಟುಕೊಂಡೇ ಎರಡನೇ ಸುತ್ತಿಗೆ ಕಾದಳು. ಆ ದಿನಗಳಲ್ಲಿ ಸ್ಟಾಫ್ ರೂಮಿನ ಕಂಪ್ಯೂಟರಿನಲ್ಲಿ ಅವಳ ನಂಬರನ್ನು ನಾನು ಎಷ್ಟು ಸಲ ಹಾಕಿ ನೋಡಿದೆನೋ. ಫಲಿತಾಂಶದ ದಿನಾಂಕವೇ ಬಂದಿಲ್ಲವೆಂದು ಗೊತ್ತಿದ್ದೂ ನೋಡುತ್ತಿದ್ದೆ. ಕೊನೆಗೆ ಬೆಂಗಳೂರಿನ ಸೀಟು 1,901ಕ್ಕೆ ಮುಗಿಯಿತು.

ಮಾರನೆಯ ದಿನ ಇಬ್ಬರೂ ಬಂದರು. "ಹನ್ನೊಂದೇ ಮೇಡಮ್ಮೋರೆ!" ದುರುಗಣ್ಣನ ದನಿ ಕಾರಿಡಾರಿನಿಂದಲೇ ಕೇಳಿತು. "ಬರೇ ಹನ್ನೊಂದು ರ‍್ಯಾಂಕಿಗೆ ತಪ್ತು! ಫಾರಮ್ಮಲ್ಲಿ ಎಲ್ರಿಗೂ ಹೇಳಿದೀನಿ." ಗೆದ್ದವರಂತೆ ಹೇಳುತ್ತಿದ್ದರು. ಶಿವಗಂಗಾಳ ಕಣ್ಣು ಊದಿಕೊಂಡಿತ್ತು. ಅವಳು ನೋಟ್‌ಬುಕ್ಕು ಕೇಳಿ ತೆಗೆದುಕೊಂಡು, ಈ ವರ್ಷದ ಸಾಲಿನಲ್ಲಿ 1,901 ಎಂದು ತಾನೇ ಬರೆದಳು. ಬರೆದ ಮೇಲೆ ಮೇಲಿನ ಸಾಲಿನಲ್ಲಿದ್ದ ಹೋದ ವರ್ಷದ 1,780ರ ಮೇಲೆ ಪೆನ್ನು ನಿಲ್ಲಿಸಿ ನನ್ನನ್ನು ನೋಡಿದಳು.

ಅವರು ಹೋದ ಮೇಲೆ ಪ್ರಭುವಿಗೆ ಫೋನ್ ಮಾಡಿದೆ. ಹೇಳಬೇಕಾದ ಮಾತುಗಳನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡಿದ್ದೆ. ಅದನ್ನು ಓದುವಂತೆಯೇ ಹೇಳಿದೆ: ತಪ್ಪು ನನ್ನದು, ನಿಯಮ ಓದದೆ ಹೇಳಿದ್ದು ನಾನು, ಗೊತ್ತಾದ ಮೇಲೂ ಒಂದು ವರ್ಷ ಸುಮ್ಮನಿದ್ದದ್ದೂ ನಾನು.

ಆ ಕಡೆ ಹಾಸ್ಟೆಲಿನ ಹುಡುಗರು ನಗುವುದು ಕೇಳುತ್ತಿತ್ತು.

"ಎಷ್ಟರವರೆಗೆ ಹೋಗಿತ್ತು ಮೇಡಂ?" ಎಂದ.

"ಸಾವಿರದ ಏಳುನೂರ ಎಂಬತ್ತು."

"ನಂದು ಸಾವಿರದ ಆರುನೂರ ಐವತ್ತೈದು."

"ಹೌದಪ್ಪ."

ಅವನು ಫೋನ್ ಇಡಲಿಲ್ಲ. ಚೀಟಿಯಲ್ಲಿ ಬರೆದದ್ದೆಲ್ಲ ಮುಗಿದಿತ್ತು. ಫೋನನ್ನು ಕಿವಿಗೆ ಹಾಗೇ ಹಿಡಿದು ಕುಳಿತೆ, ಅವನು ಏನು ಕೇಳಿದರೂ ಹೇಳೋಣವೆಂದು.