ಹಲೋ ಅಕ್ಕ

"ಹಲೋ ಅಕ್ಕ, ಸ್ವಲ್ಪ ಕೆಳಗೆ ಬರ್ಬೇಕಂತೆ. ಯಜಮಾನ್ರು ಕರೀತಿದಾರೆ" ಎಂದು ಮೆಕ್ಯಾನಿಕ್ ಮೆಟ್ಟಿಲ ಬಳಿಯಿಂದ ಕೂಗಿದಾಗ, ಅವಳು ಆ ದಿನದ ನೂರಾ ಹನ್ನೆರಡನೆಯ ಫೋನನ್ನು ಬಾಯಿಯ ಹತ್ತಿರ ಹಿಡಿದುಕೊಂಡು "ಹಲೋ, ಹಲೋ, ಒಂದು, ಎರಡು, ಮೂರು" ಎನ್ನುತ್ತಿದ್ದಳು. ಹೇಳಿದ್ದನ್ನು ತಿರುಗಿ ಕೇಳಿಸಿಕೊಂಡು, ಅಳಿಸಿ, ಫೋನಿನ ಬೆನ್ನಿಗೆ ಎರಡನೇ ದರ್ಜೆಯ ಹಳದಿ ಚೀಟಿ ಅಂಟಿಸಿ ಎದ್ದಳು.

ಅವಳ ಕೆಲಸವೇ ಅದು. ಉಳ್ಳವರ ದೇಶಗಳಲ್ಲಿ ಜನ ವರ್ಷ ಎರಡು ವರ್ಷ ಬಳಸಿ ಬಿಟ್ಟ ಫೋನುಗಳು ಹಡಗಿನಲ್ಲಿ ಬಂದು ಈ ಅಂಗಡಿಯ ಅಟ್ಟ ಸೇರುತ್ತಿದ್ದವು. ಒಡೆದ ಗಾಜು, ಸತ್ತ ಬ್ಯಾಟರಿ ಮೆಕ್ಯಾನಿಕ್ ಬದಲಿಸುತ್ತಿದ್ದ. ಮೈಕು, ಸ್ಪೀಕರು ನೋಡಿ ದರ್ಜೆ ಕೊಡುವುದು ಅವಳ ಪಾಲು. ಹಸಿರು ಚೀಟಿ ಬಿದ್ದರೆ ಮೊದಲ ದರ್ಜೆ, ಹೊಸದರ ಮುಕ್ಕಾಲು ಬೆಲೆ. ಗಾಜಿನ ಮೇಲೆ ಉಗುರಿನಷ್ಟು ಗೀರಿದ್ದರೂ ಹಳದಿ, ಅರ್ಧ ಬೆಲೆ. ಒಂಬತ್ತು ವರ್ಷದಿಂದ ಹಲೋ ಹೇಳಿ ಹೇಳಿ ಎಲ್ಲರಿಗೂ ಹಲೋ ಅಕ್ಕನೇ ಆಗಿಹೋಗಿದ್ದಳು; ಹೆತ್ತವರು ಇಟ್ಟ ಹೆಸರು ಸಂಬಳದ ಪಟ್ಟಿಯಲ್ಲಿ ಮಾತ್ರ ಉಳಿದಿತ್ತು. "ದಿನಕ್ಕೆ ಇನ್ನೂರು ಸಲ ಹಲೋ ಅಂತೀರಿ, ಒಬ್ರಾದ್ರೂ ತಿರುಗಿ ಮಾತಾಡ್ತಾರಾ? ಎಂಥಾ ಕೊಬ್ಬು ನೋಡಿ ಜನಕ್ಕೆ" ಎಂದು ಮೆಕ್ಯಾನಿಕ್ ಛೇಡಿಸುತ್ತಿದ್ದ. ಅವಳೂ ನಗುತ್ತಿದ್ದಳು.

ಮನೆಯಲ್ಲಿ ಇದ್ದವಳು ತಾಯಿಯೊಬ್ಬಳೇ. ಆಕೆಗೆ ಕಡೆಯ ಹನ್ನೊಂದು ವರ್ಷ ಕಿವಿ ಕೇಳಿಸುತ್ತಿರಲಿಲ್ಲ. ಉಪ್ಪು ಸಾಕಾ, ಮಾತ್ರೆ ನುಂಗಿದೆಯಾ ಎಂದು ಕೇಳುವುದಕ್ಕೂ ಬೀದಿಗೆಲ್ಲ ಕೇಳುವಂತೆ ಅರಚಬೇಕಿತ್ತು. ಆಕೆ ತೀರಿಕೊಂಡು ಹದಿನಾಲ್ಕು ತಿಂಗಳಾಗಿತ್ತು. ಆಮೇಲೆ ಯಾವಾಗಲೋ, ಮಧ್ಯಾಹ್ನ ಮೆಕ್ಯಾನಿಕ್ ಬೀಡಿ ಸೇದಲು ಹೊರಗೆ ಹೋದ ಹೊತ್ತಿನಲ್ಲಿ, ಒಂದು ಎರಡು ಮೂರರ ಜಾಗದಲ್ಲಿ ಬೇರೆ ಮಾತುಗಳು ಬರತೊಡಗಿದವು. ನಲ್ಲಿಯಲ್ಲಿ ನೀರು ಬರಲಿಲ್ಲ, ಚಪ್ಪಲಿಯ ಉಂಗುಷ್ಠ ಕಿತ್ತುಹೋಯಿತು, ಹೀಗೆ. ಮೈಕಿಗೆ ಯಾವ ಮಾತಾದರೇನು? ಕೇಳಿಸಿಕೊಂಡು ಅಳಿಸಿಬಿಡುತ್ತಿದ್ದಳು.

ಆದರೆ ಈ ತಿಂಗಳು ಉಸಿರಾಡಲು ಪುರುಸೊತ್ತಿರಲಿಲ್ಲ. ಮುಂದಿನ ತಿಂಗಳಿಂದ ಹಳೆಯ ಫೋನಿನ ಆಮದು ಸುಂಕ ಏರುತ್ತದೆಂದು ಯಜಮಾನರು ಎರಡು ಪಾಲು ಸರಕು ತರಿಸಿದ್ದರು. ಸಾಲದ್ದಕ್ಕೆ ಎದುರಿನ ಅಂಗಡಿಯಲ್ಲಿ ಹಸಿರು ಚೀಟಿಯ ಬೆಲೆಗೇ ಹೊಚ್ಚಹೊಸ ಅಗ್ಗದ ಫೋನು ಬಂದು ಕೂತಿತ್ತು. "ಬೇಗ ಸಾಗ್ಸಿ, ಬೇಗ. ಕೂತ್ರೆ ಕೊಳೆಯೋ ಸರಕು ಇದು" ಎಂದು ಅವರು ದಿನವೂ ಅಟ್ಟ ಹತ್ತಿ ಬಂದು ಹೇಳುತ್ತಿದ್ದರು.

ಕೆಳಗೆ ಗಲ್ಲಾದ ಮುಂದೆ ಅವಳದೇ ವಯಸ್ಸಿನ ಹೆಂಗಸೊಬ್ಬಳು ನಿಂತಿದ್ದಳು. ಹೊಲಿಗೆಯವಳು, ಅಳತೆಯ ಟೇಪು ಇನ್ನೂ ಕೊರಳಲ್ಲೇ ನೇತಾಡುತ್ತಿತ್ತು. ಪಕ್ಕದಲ್ಲಿ ಚಾರ್ಜರು ಕೊಳ್ಳಲು ಬಂದ ಇಬ್ಬರು ಕೆಲಸ ಮುಗಿದಿದ್ದರೂ ಕದಲಿರಲಿಲ್ಲ.

"ಸ್ವಲ್ಪ ಕೇಳಿ ಇದನ್ನ" ಎಂದು ಯಜಮಾನರು ಗಲ್ಲಾದ ಮೇಲಿದ್ದ ಫೋನನ್ನು ಒತ್ತಿದರು. ಸ್ಪೀಕರು ಚೆನ್ನಾಗಿತ್ತು. ಅದಕ್ಕೆ ಹಸಿರು ಚೀಟಿ ಕೊಟ್ಟವಳೇ ಅವಳು.

"ಹಲೋ... ಪಕ್ಕದ ಮನೆಯವಳು ಕೇಳ್ತಿದ್ಲು, ನಿಮ್ಮನೆಯಿಂದ ಈಗ ಸದ್ದೇ ಬರಲ್ವಲ್ಲ ಅಂತ. ಯಾರ ಮೇಲೆ ಅರಚಲಿ ಹೇಳಮ್ಮ? ಮೊನ್ನೆ ಭಾನುವಾರ ಬೆಳಿಗ್ಗೆಯಿಂದ ಒಂದು ಮಾತೂ ಆಡಿರ್ಲಿಲ್ಲ ಕಣೇ. ಸಂಜೆ ಹಾಲಿನವನು ಬಂದಾಗ ಬಾಯಿ ತೆಗೆದ್ರೆ ಗಂಟಲೇ ಕಟ್ಟಿಹೋಗಿತ್ತು. ನೆಗಡಿನಾ ಅಕ್ಕ ಅಂದ. ಹೂಂ, ನೆಗಡಿ ಅಂದೆ."

ಅಷ್ಟೇ. ಕೊನೆಗೆ ಒಂದು ಕೆಮ್ಮು, ಕುರ್ಚಿ ಎಳೆದ ಸದ್ದು. ಚಾರ್ಜರಿನವರಲ್ಲಿ ಒಬ್ಬ ಕಿಸಕ್ಕನೆ ನಕ್ಕ. ಇನ್ನೊಬ್ಬ ಅವನ ಮೊಣಕೈ ತಿವಿದ. ಅವಳ ಹಿಂದೆಯೇ ಇಳಿದು ಬಂದಿದ್ದ ಮೆಕ್ಯಾನಿಕ್ ಗೋಡೆಯ ಕ್ಯಾಲೆಂಡರನ್ನು ಮೊದಲ ಸಲ ಕಂಡವನಂತೆ ನೋಡತೊಡಗಿದ.

"ಯಾರದು ಅಕ್ಕ ಇದು?" ಎಂದರು ಯಜಮಾನರು. ಗೊತ್ತಿದ್ದೂ ಕೇಳಿದರು.

"ನಂದೇ" ಎಂದಳು. ನೆಲ ಬಾಯಿ ತೆರೆಯಲಿಲ್ಲ. ಕಿವಿಯ ತುದಿ ಮಾತ್ರ ಕೆಂಡವಾಯಿತು.

ಹೊಲಿಗೆಯವಳು ಅವಳನ್ನು ಒಮ್ಮೆ ನೋಡಿ, ಯಜಮಾನರ ಕಡೆ ತಿರುಗಿದಳು. "ನೋಡಿ, ಹೊಸದರ ಹಾಗೇ ಇದೆ ಅಂತ ಹಸಿರು ಚೀಟಿ ಬೆಲೆ ತಗೊಂಡ್ರಿ. ಒಳಗೆ ಇನ್ನೊಬ್ರ ಮಾತು ಇದೆ. ಇನ್ನೂ ಏನೇನಿದೆಯೋ ನಂಗೇನು ಗೊತ್ತು? ಹಳದಿ ಬೆಲೆಗೆ ಕೊಡಿ, ಇಲ್ಲಾಂದ್ರೆ ವಾಪಸ್ ತಗೊಳ್ಳಿ. ಎದುರಿನ ಅಂಗಡೀಲಿ ಹೊಸದೇ ಸಿಗುತ್ತೆ."

"ಅಳಿಸಿಕೊಡ್ತೀನಲ್ಲ ತಾಯಿ, ಒಂದು ನಿಮಿಷದ ಕೆಲಸ."

"ಅಳಿಸಿದ್ರೆ ಕೇಳಿದ್ದು ಹೋಗುತ್ತಾ?"

ಯಜಮಾನರು ಎದುರಿನ ಅಂಗಡಿಯ ಕಡೆಗೊಮ್ಮೆ ಕಣ್ಣು ಹಾಯಿಸಿದರು. ಆಮೇಲೆ ಉಗುರಿನಿಂದ ಹಸಿರು ಚೀಟಿ ಕೆರೆದು ತೆಗೆದು ಹಳದಿಯದನ್ನು ಅಂಟಿಸಿ, ವ್ಯತ್ಯಾಸದ ಹಣ ಮರಳಿಸಿದರು. ಫೋನಿನ ಮೇಲೆ ಗೀರಿರಲಿಲ್ಲ, ಬ್ಯಾಟರಿ ಹೊಸದು. ಅವಳ ನಾಲ್ಕು ಮಾತಿಗೆ ಒಂದು ದರ್ಜೆ ಇಳಿಯಿತು. ಹೊಲಿಗೆಯವಳು ಹಣವನ್ನೂ ಫೋನನ್ನೂ ಚೀಲಕ್ಕೆ ಸೇರಿಸಿ ಹೊರಟುಹೋದಳು. ಅಳಿಸುವ ವಿಷಯ ಎಲ್ಲರಿಗೂ ಮರೆತೇಹೋಗಿತ್ತು.

ಯಜಮಾನರು ಬೈಯಲಿಲ್ಲ. ದನಿ ತಗ್ಗಿಸಿ, "ಒಂದು ಎರಡು ಮೂರು ಅನ್ನಿ ಅಕ್ಕ, ಅಷ್ಟು ಸಾಕು. ಹಾಳಾದ ಮೈಕಿಗೆ ಅಷ್ಟೇ ಬೇಕಾಗಿರೋದು" ಎಂದರು. ಬೈದಿದ್ದರೆ ವಾಸಿಯಿತ್ತು. ಅಟ್ಟಕ್ಕೆ ಮರಳಿದ ಮೇಲೆ ಮೆಕ್ಯಾನಿಕ್ ಕೇಳದೆಯೇ ಚಹಾ ತರಿಸಿಕೊಟ್ಟ. ಒಂಬತ್ತು ವರ್ಷದಲ್ಲಿ ಅವನು ತನ್ನ ಗಂಟಿನಿಂದ ಬಿಚ್ಚಿದ ಮೊದಲ ಕಾಸು ಅದು. ಆ ಮಧ್ಯಾಹ್ನವಿಡೀ ಒಂದೂ ತಮಾಷೆ ಮಾಡಲಿಲ್ಲ. ಬೀಡಿಗೆಂದು ಎದ್ದವನು ಬಾಗಿಲ ತನಕ ಹೋಗಿ, ಅವಳನ್ನು ನೋಡಿ, ವಾಪಸ್ ಬಂದು ಕೂತ. ಅವಳು ತಲೆ ಎತ್ತದೆ ಫೋನಾದ ಮೇಲೆ ಫೋನಿಗೆ ಒಂದು, ಎರಡು, ಮೂರು ಎಂದಳು. ಹಲೋ ಎನ್ನುವುದನ್ನು ಬಿಟ್ಟಳು.

ಸಂಜೆ ಬಸ್ ಸ್ಟಾಪಿನಲ್ಲಿ ಹೊಲಿಗೆಯವಳು ಕೂತಿದ್ದಳು. ಪಕ್ಕದಲ್ಲಿ ಗುಂಡಿ, ನೂಲು ಕೊಂಡ ಪೊಟ್ಟಣ. ಇವಳು ಕಂಡೂ ಕಾಣದಂತೆ ಕಂಬದ ಆಚೆ ನಿಂತಳು. ಹೊಲಿಗೆಯವಳೇ ಪೊಟ್ಟಣ ಸರಿಸಿ ಜಾಗ ಮಾಡಿದಳು.

"ಬನ್ನಿ, ಕೂತ್ಕೊಳ್ಳಿ."

ಕೂತಳು.

"ಬೇಜಾರು ಮಾಡ್ಕೋಬೇಡಿ. ಚೌಕಾಸಿ ಮಾಡ್ದೆ ಇದ್ರೆ ನಮ್ಮಂಥವರ ಸಂಸಾರ ನಡೆಯಲ್ಲ."

"ಇರ್ಲಿ ಬಿಡಿ" ಎಂದಳು.

ಬಸ್ಸುಗಳು ಬಂದವು, ಹೋದವು. ಹೊಲಿಗೆಯವಳು ಕೊರಳ ಟೇಪನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಇದ್ದಳು. ಆಮೇಲೆ, ರಸ್ತೆಯನ್ನೇ ನೋಡುತ್ತ ಕೇಳಿದಳು: "ಈಗ ಗಂಟಲು ಹೇಗಿದೆ?"

ಹದಿನಾಲ್ಕು ತಿಂಗಳಲ್ಲಿ ಹೀಗೆ ಕೇಳಿದವರಿಲ್ಲ. ಹೇಳಲು ರಾಶಿಯಿತ್ತು. ಬಾಯಿ ತೆರೆದಳು ಕೂಡ. ಒಂದು ತಂಬಿಗೆ ನೀರಿಗೆ ಬಂದವರ ಮುಂದೆ ಹೊಳೆಯನ್ನೇ ತಂದು ಸುರಿಯುವುದು ಹೇಗೆ?

"ಸರಿಹೋಯ್ತು" ಎಂದಳು. "ಬರೀ ನೆಗಡಿ."

"ಹೌದಾ. ಒಳ್ಳೇದಾಯ್ತು ಬಿಡಿ" ಎಂದಳು ಹೊಲಿಗೆಯವಳು. ನಂಬಿದಳೋ ಇಲ್ಲವೋ ಮುಖ ಹೇಳಲಿಲ್ಲ. ಅಷ್ಟರಲ್ಲಿ ಆಕೆಯ ಬಸ್ಸು ಬಂತು. "ಬರ್ತೀನಿ" ಎಂದು ಪೊಟ್ಟಣ ಎತ್ತಿಕೊಂಡು ಹತ್ತಿದಳು.

ಇವಳು ಎದ್ದು ನಿಂತಳು, ಯಾಕೆಂದು ತನಗೇ ತಿಳಿಯದೆ. ಬಸ್ಸು ಮುಂದಿನ ಗಾಡಿಗಳ ಹಿಂದೆ ಸಿಕ್ಕಿಕೊಂಡು ತುಸು ಹೊತ್ತು ಅಲ್ಲೇ ಇತ್ತು. ಹೊಲಿಗೆಯವಳಿಗೆ ಕಿಟಕಿಯ ಪಕ್ಕ ಜಾಗ ಸಿಕ್ಕಿತ್ತು. ಚೀಲದಿಂದ ಆ ಹಳದಿ ಚೀಟಿಯ ಫೋನು ತೆಗೆದು, ಒಮ್ಮೆ ಒತ್ತಿ, ಕಿವಿಗಿಟ್ಟುಕೊಂಡಳು. ಬಸ್ಸು ಹೊರಟು, ತಿರುವಿನಲ್ಲಿ ಮರೆಯಾಗುವವರೆಗೂ ಇವಳು ನೋಡುತ್ತಿದ್ದಳು. ಆಕೆಯ ತುಟಿ ಒಮ್ಮೆಯೂ ಅಲುಗಲಿಲ್ಲ.